ಬಿಸಿಲಿಗಿಟ್ಟ ಲೋಟಗಳು

ಲೋಟದ ಒಳಲೇಪ ಕೆಂಪಗೆ ಹೊಳೆದರೆ ನೀರಿನಲ್ಲಿ ವಿಷವಿದೆ, ಚೆಲ್ಲಬೇಕು. ಆ ಊರಿನ ಕೂಸುಗಳಿಗೂ ಇದು ಗೊತ್ತು. ಬಸುರಿ ಮಗಳು ಶಾಂತವ್ವ ತವರಿಗೆ ಬಂದ ಮೇಲೆ ನೀಲವ್ವನ ಲೋಟಗಳು ಹೊಳೆಯುವುದನ್ನೇ ಬಿಟ್ಟಿದ್ದವು.

"ಮಗಳ ಕಾಲ್ಗುಣ, ನಮ್ಮ ಬಾವಿ ನೀರು ಚಲೋ ಆಗ್ಯಾವ," ಎಂದು ನೀಲವ್ವ ಹಿಗ್ಗಿದ್ದಳು.

ಇಂದು ನೆರೆಮನೆಯ ಫಕೀರವ್ವ ಶಾಂತವ್ವನ ಸೀಮಂತಕ್ಕೆ, ಕುಬುಸದ ಉಡುಗೊರೆಯೆಂದು ಹೊಸ ಲೋಟ ತಂದಳು. ನೀಲವ್ವ ಅದಕ್ಕೆ ಬಾವಿಯ ನೀರು ಸುರಿದಳು. ಲೋಟ ಕೆಂಡದಂತೆ ಹೊಳೆಯಿತು.

ಫಕೀರವ್ವ ಅಂಗಳದತ್ತ ನೋಡಿದಳು. ಮಗಳಿಗೆ ನಂಜು ತಾಗದಿರಲೆಂದು ನೀಲವ್ವ ತಿಕ್ಕಿ ತೊಳೆದಿದ್ದ ಹಳೆಯ ಲೋಟಗಳು ಸುಡುಬಿಸಿಲಿನಲ್ಲಿ ಒಣಗುತ್ತಿದ್ದವು.

"ಯಕ್ಕಾ, ಬಿಸಿಲು ಬಡಿದ್ರ ಲೇಪ ಸಾಯ್ತೈತಲ್ಲ! ಯಾವಾಗಿಂದ ಇಡಾಕತ್ತಿ?"

"ಶಾಂತಿ ಬಂದಾಗಿಂದ..."

ಒಳಗಿನಿಂದ ಮಗಳ ದನಿ ಕೇಳಿಸಿತು. "ಯವ್ವಾ, ನಿನ್ನೆಯಿಂದ ಕೂಸು ಒದ್ದೇ ಇಲ್ಲ ನೋಡ. ಒಂದೀಟು ನೀರು ಕೊಡ."