ಎರಡನೆಯ ಮಗ್ಗು

ಬೆಲ್ಲದ ಕರಿ ಚಹಾದ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನಾನು ಜಕ್ಕಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತ ಹುಡುಗಿಯಾಗುತ್ತೇನೆ.

ದೊಡ್ಡಪ್ಪ ಬರ್ಮಾದ ಲಡಾಯಿ ಮುಗಿಸಿ ಬಂದ ಸಿಪಾಯಿ. ಊರವರು ಲಡಾಯಿಯ ಸುದ್ದಿ ಕೇಳಿದರೆ "ಅಲ್ಲೆ ಮಳಿ ಭಾಳ ನೋಡ್ರಿ" ಎಂದಷ್ಟೇ ಹೇಳುತ್ತಿದ್ದ. ಸಂಜೆ ಹೊಲದಿಂದ ಬಂದವನೇ ಬಿಳಿ ಲೇಪ ಎದ್ದುಹೋದ ಎರಡು ತಗಡಿನ ಮಗ್ಗುಗಳನ್ನು ಕಟ್ಟೆಯ ಮೇಲಿಟ್ಟು, ಎರಡಕ್ಕೂ ಸಮನಾಗಿ ಚಹಾ ಸುರಿಯುತ್ತಿದ್ದ. ಒಂದನ್ನು ಕುಡಿದು, ಇನ್ನೊಂದು ಆರುವವರೆಗೆ ಸುಮ್ಮನೆ ಅದನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ಸರಿಸಿ "ತಗೋ, ಕುಡಿ" ಅನ್ನುತ್ತಿದ್ದ. ನನ್ನ ನಾಲಿಗೆ ಸುಡಬಾರದೆಂದು ಆರಿಸುತ್ತಾನೆ ಅಂದುಕೊಂಡಿದ್ದೆ.

ಅವನು ತೀರಿಕೊಂಡ ಮೇಲೆ, ದಿನಕರ್ಮದ ಮಧ್ಯಾಹ್ನ ಪಡಸಾಲೆಯಲ್ಲಿ ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಹೋಳಿಗೆ, ಬದನೆಕಾಯಿ ಪಲ್ಯ, ಕೆನೆಮೊಸರು. ಕೊನೆಗೆ ದೊಡ್ಡವ್ವ ಚಹಾ ತುಂಬಿದ ಎರಡೂ ಮಗ್ಗುಗಳನ್ನು ತಂದಿಟ್ಟಳು.

"ಎರಡ್ಯಾಕ್ರಿ ವೈನಿ? ಎಡಿ ಅಣ್ಣಗ ಒಬ್ಬಗ ಅಲ್ಲೇನ್ರಿ?" ಅಪ್ಪ ಕೇಳಿದ.

"ಇನ್ನೊಂದು ಅವರ ಗೆಳ್ಯಾಂದು, ತಮ್ಮಾ. ಸವಡಿ ಊರಾಂವ. ಬರ್ಮಾದಾಗ ಚಹಾಕ್ಕ ನೀರು ತರ್ತೇನಂತ ಹ್ವಾದಾಂವ ತಿರಿಗಿ ಬರಲಿಲ್ಲಂತ."

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತೆ. ಎಡೆ ಎತ್ತುವ ಹೊತ್ತಿಗೆ ಚಹಾ ಆರಿತ್ತು. ದೊಡ್ಡವ್ವ ಎರಡನೆಯ ಮಗ್ಗನ್ನು ನನ್ನ ಮುಂದೆ ಹಿಡಿದಳು.

"ಕುಡಿಯವ್ವಾ. ದಿನಾ ನೀ ಖಾಲಿ ಮಾಡಿದ್ದು ನೋಡಿದ ಮ್ಯಾಲನ ಅವ್ರು ಊಟಕ್ಕ ಏಳ್ತಿದ್ರು."