ದೀಪ ಹಚ್ಚಿದ ಮೇಲಿನ ಕಸ

ಸೇಲ್ಸ್ ಹುಡುಗ ಪ್ರವೀಣ ಮೂರು ಕಂಪನಿಯ ಮೂರು ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಆಟೋದಿಂದ ಇಳಿಸಿ ಪಡಸಾಲೆಯಲ್ಲಿ ಸಾಲಾಗಿ ಇಡುವ ಹೊತ್ತಿಗೆ ಕೊಟ್ರಬಸಮ್ಮ ದೇವರ ಮುಂದೆ ದೀಪ ಹಚ್ಚಿಬಿಟ್ಟಿದ್ದಳು. ಮುಗೀತಲ್ಲ! ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಕಸ ಹೊಡೆಯುವಂತಿಲ್ಲ. ಹೊಡೆದರೆ ಕಸದ ಜೊತೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ.

ಲಕ್ಷ್ಮಿ ಉಳಿದಳೋ ಇಲ್ಲವೋ, ಸೊಸೆ ಗಂಗಾಂಬಿಕಾ ಮಾತ್ರ ಸೋತು ಸುಣ್ಣವಾಗಿದ್ದಳು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮೇಲಿನ ಮನೆ ಅದು. ಬೆಳಿಗ್ಗೆ ಉಡುಗಿ ಒರೆಸಿಟ್ಟು ಹೋದ ನೆಲ, ಅವಳು ಮರಿಯಮ್ಮನಹಳ್ಳಿಯ ಶಾಲೆಯಲ್ಲಿ ಪಾಠ ಮುಗಿಸಿ ಬಸ್ಸಿಳಿದು ಬರುವಷ್ಟರಲ್ಲಿ ಅದಿರು ಲಾರಿಗಳ ಕೆಂಪು ಧೂಳು ಹೊದ್ದು ಮಲಗಿರುತ್ತಿತ್ತು. ಅಷ್ಟರಲ್ಲಿ ದೀಪವೂ ಉರಿಯುತ್ತಿರುತ್ತಿತ್ತು. ಇನ್ನು ಕಸಬರಿಗೆ ಮುಟ್ಟುವಂತಿಲ್ಲ. ಆ ಧೂಳಿನಲ್ಲೇ ಉಣ್ಣಬೇಕು, ಮಲಗಬೇಕು, ಕೆಮ್ಮಬೇಕು. ಡಾಕ್ಟರು “ಧೂಳಿನಿಂದ ದೂರ ಇರ್ರಿ” ಅಂದಿದ್ದರು. ಅವರಿಗೇನು, ಹೇಳಿ ಕಳಿಸಿದರು.

ಗಂಡ ಮುರುಗೇಶ್ ಹೆಂಡತಿಯ ಕೆಮ್ಮನ್ನು ಭಾಳ ಸೀರಿಯಸ್ಸಾಗಿ ತಗೊಂಡಿದ್ದ. ಅಂದರೆ, ಮಳೆಗಾಲ ಪೂರ್ತಿ ಅಂಗಡಿ ಮುಚ್ಚಿ ಬಂದವನೇ ಸೋಫಾದ ಮೇಲೆ ಒರಗಿ ಮೊಬೈಲಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ವಿಡಿಯೋ ನೋಡಿದ್ದ. ಯಾವ ಕಂಪನಿಯದು ಎಷ್ಟು ಜೋರಾಗಿ ಎಳೆಯುತ್ತದೆ, ಯಾವುದರ ಫಿಲ್ಟರ್ ಎಂಥದ್ದು, ವಾರಂಟಿ, ಸರ್ವಿಸ್, ಎಲ್ಲ ಬಾಯಿಪಾಠ. ಹೆಂಡತಿಯೋ ತಾಯಿಯೋ ನಡುವೆ ಬಾಯಿ ಹಾಕಿದರೆ, “ನಿಮಗ ತಿಳಿಯಲ್ಲ ಬಿಡ್ರಿ, ಇದು ಟೆಕ್ನಿಕಲ್” ಅನ್ನುತ್ತಿದ್ದ. ಧೂಳು ಇದ್ದಲ್ಲೇ ಇತ್ತು.

“ಅಮ್ಮಾರ, ಒಂದೇ ಒಂದು ಡೆಮೊ,” ಪ್ರವೀಣ ಕೈಮುಗಿದ. “ಇದು ಕಸಬರಗಿ ಅಲ್ರಿ, ಮಷೀನು.”

“ಕಸ ಹೊರಗ ದಬ್ಬತೈತೇನು?” ಕೊಟ್ರಬಸಮ್ಮ ಕೇಳಿದಳು.

“ಇಲ್ರಿ. ಒಳಗ ಎಳಕೊಂತೈತಿ.”

ಕೊಟ್ರಬಸಮ್ಮ ಯೋಚನೆಗೆ ಬಿದ್ದಳು. ಒಳಗೆ ಎಳೆದುಕೊಂಡರೆ ಲಕ್ಷ್ಮಿ ಹೋಗುವುದಾದರೂ ಎಲ್ಲಿಗೆ? ಮನೆಯಲ್ಲೇ ಇದ್ದಾಳಲ್ಲ! ಗಂಗಾಂಬಿಕಾ ಉಸಿರು ಬಿಗಿಹಿಡಿದು ನಿಂತಿದ್ದಳು. ಅತ್ತೆ ಹೂಂ ಅಂದರೆ ಸಂಜೆಯ ಧೂಳಿಗೆ ಇವತ್ತೇ ಕೊನೆ.

“ಹಂಗಾರ ನೋಡೋಣು, ತೋರಸು ತಮ್ಮಾ,” ಅಂದು ಮುದುಕಿ ಕಾಲು ಚಾಚಿ ಕೂತಳು.

ಪ್ರವೀಣ ಮೊದಲನೆಯದರ ಮುಚ್ಚಳ ತೆಗೆದ. “ಇದು ನೀರಿಂದು ನೋಡ್ರಿ. ಧೂಳೆಲ್ಲ ನೀರಾಗ ಮುಳುಗಿಬಿಡತೈತಿ.”

“ಆ ನೀರು ಏನು ಮಾಡೋದು?”

“ಮೋರಿಗೆ ಚೆಲ್ಲಿದ್ರಾತು.”

“ಥೂ ನಿನ್ನ! ಲಕ್ಷ್ಮೀನ ಮೋರಿಗೆ ಚೆಲ್ಲು ಅಂತೀಯಲ್ಲೋ! ತಗಿ ಅತ್ತಾಗ.”

ಎರಡನೆಯದನ್ನು ಮುರುಗೇಶನೇ ಮುಂದೆ ತಂದ. “ಎವ್ವಾ, ಇದು ರೋಬೋ. ಯಾರೂ ಮುಟ್ಟೋದು ಬ್ಯಾಡ. ತಾನ ಅಡ್ಡಾಡಿ ಕಸ ತಿಂತೈತಿ.” ಅವನ ಮನಸ್ಸು ಮೊದಲಿನಿಂದಲೂ ಅದರ ಮೇಲೇ ಇತ್ತು, ಸೋಫಾದಿಂದ ಯಾರನ್ನೂ ಎಬ್ಬಿಸುವುದಿಲ್ಲವಲ್ಲ ಅದು. ರೋಬೋ ಗುಂಯ್ ಅನ್ನುತ್ತಾ ಹೊರಟು ಅಡುಗೆಮನೆಯ ಹೊಸ್ತಿಲಿಗೆ ಹಣೆ ಬಡಿದುಕೊಂಡು ವಾಪಸ್ ಬಂತು. ಮತ್ತೆ ಹೋಯಿತು, ಮತ್ತೆ ಬಡಿದುಕೊಂಡಿತು. ಹಳೇ ಮನೆ, ಒಂದೊಂದು ಹೊಸ್ತಿಲೂ ಗೇಣೆತ್ತರ.

“ಎಷ್ಟಂತ ನಮಸ್ಕಾರ ಮಾಡತೈತಪ್ಪಾ ಇದು!” ಕೊಟ್ರಬಸಮ್ಮ ಗಲ್ಲಕ್ಕೆ ಕೈ ಹಚ್ಚಿದಳು. “ಭಕ್ತಿ ಭಾಳ ಐತಿ, ಕೆಲಸ ಇಲ್ಲ.”

ಮೂರನೆಯದು ಉದ್ದ ಪೈಪಿನದು. ಪ್ರವೀಣ ಸ್ವಿಚ್ ಒತ್ತಿ ಎಳೆದದ್ದೇ ತಡ, ಕೆಂಪು ನೆಲದಲ್ಲಿ ಬೆಳ್ಳಗೆ ಒಂದು ಹಾದಿ ಮೂಡಿತು. “ಕಸ ಈ ಚೀಲದಾಗ ಕುಂದರತೈತ್ರಿ. ಹೊತ್ತು ಹುಟ್ಟಿದ ಮ್ಯಾಲೆ ಆರಾಮ ಚೆಲ್ಲಬಹುದು.”

“ಅಂದ್ರ ರಾತ್ರಿ ಲಕ್ಷ್ಮಿ ಮನ್ಯಾಗ ಮಲಗತಾಳ,” ಮುದುಕಿ ತಲೆಯಾಡಿಸಿದಳು. “ಇದು ಇರಲಿ.”

ಗಂಗಾಂಬಿಕಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಓಡಿ ಬಂದು ಪೈಪು ಹಿಡಿದಳು. “ಹೆಂಗ ನಡಸೋದು ಹೇಳಿಕೊಡ್ರಿ ಅಣ್ಣಾ.”

“ಬಿಡು, ಬಿಡು! ನೀ ಮುಟ್ಟಬ್ಯಾಡ!” ಕೊಟ್ರಬಸಮ್ಮ ಗದರಿದಳು.

ಗಂಗಾಂಬಿಕಾಳ ಮುಖ ಸಣ್ಣದಾಯಿತು. ಇಷ್ಟೆಲ್ಲ ಆದ ಮೇಲೂ ಈ ಮುದುಕಿ ಹೀಗೆ ಮಾಡುವುದೇ? ಅಳುವೇ ಬಂತು ಅವಳಿಗೆ.

“ಟೆಕ್ನಿಕಲ್ ಸಾಮಾನು ಐತದು. ನಮ್ಮಂಥ ಹೆಣ್ಣುಮಕ್ಕಳಿಗೆ ಏನು ತಿಳೀತೈತಿ?” ಕೊಟ್ರಬಸಮ್ಮ ಎದ್ದು ಬಂದು ಪೈಪನ್ನು ಸೊಸೆಯ ಕೈಯಿಂದ ಕಿತ್ತು ಮಗನ ಕೈಗಿಟ್ಟಳು. “ಇವ ಮಳಿಗಾಲ ಪೂರ್ತಿ ಕುಂತು ಕಲ್ತಾನ. ದಿನಾ ಸಂಜಿಗೆ ತಿಳಿದವನ ಹಿಡೀಲಿ.”

“ಎವ್ವಾ, ನಾನೇನ ಕಸ…” ಮುರುಗೇಶ್ ಪೈಪನ್ನು ತಾಯಿಯ ಕಡೆಗೇ ವಾಪಸ್ ಚಾಚಿದ.

“ಮತ್ತ್ಯಾರಪ್ಪಾ? ನಾವು ಹಿಡಿದು ಕೆಡಿಸಿದ್ರ ವಾರಂಟಿ ಹೋಗತೈತಿ!”

ಗಂಗಾಂಬಿಕಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕ ರಭಸಕ್ಕೆ ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕಳು. ಪ್ರವೀಣ ಬಿಲ್ಲು ಬರೆಯುವಾಗ ಮುರುಗೇಶನ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಮರುದಿನ ಸಂಜೆ ಪಕ್ಕದಂಗಡಿಯ ಗೆಳೆಯ ಮಾರೇಶ್, ಒಳ್ಳೇ ಕಂಪನಿ ಯಾವುದು ಕೇಳೋಣ ಅಂತ ಬಂದ. ದೇವರ ಮುಂದೆ ದೀಪ ಉರಿಯುತ್ತಿತ್ತು. ಗಂಗಾಂಬಿಕಾ ಚಹಾ ಕುಡಿಯುತ್ತಾ ಮಕ್ಕಳ ಪರೀಕ್ಷೆ ಪೇಪರ್ ತಿದ್ದುತ್ತಿದ್ದಳು. ಮುರುಗೇಶ್ ಲುಂಗಿ ಎತ್ತಿ ಕಟ್ಟಿ, ಬೆವರುತ್ತಾ, ಪೈಪು ಹಿಡಿದು ಮಂಚದ ಕೆಳಗೆ ಬಗ್ಗಿದ್ದ. ಮಾರೇಶ್ ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟ.

“ಬಾರಪ್ಪಾ ಮಾರೇಶ, ಕುಂದ್ರು,” ಕೊಟ್ರಬಸಮ್ಮ ಕರೆದಳು. “ಒಂಚೂರು ಕಾಲು ಮ್ಯಾಲೆತ್ತಿಕೋ, ನಮ್ಮ ಹುಡುಗ ಕಸ ಹೊಡಿಯಾಕತ್ಯಾನ.”