ಸೀದಾ ಆಯ್ತು

ಬಾಗಿಲು ತೆಗೆದವನೇ ಅಶೋಕ ನಾದಿನಿಯ ಬಾಯಿಗೆ ಕಾಜಾ ತುರುಕಿದ. ಗವರ್ನರ್‌ಪೇಟೆಯ ತನ್ನ ಬ್ಯಾಂಕಿನಿಂದ ಬರುವಾಗ ಒಂದು ಕೇಜಿ ಕಟ್ಟಿಸಿಕೊಂಡು ಬಂದಿದ್ದನಂತೆ. ವಿಶಾಖಪಟ್ಟಣದಿಂದ ಆರು ತಾಸು ರೈಲಿನಲ್ಲಿ ಕೂತು ಬಂದ ಮಾನಸಳಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕ ಕಮಲಾಳ ಕ್ಯಾನ್ಸರಿಗೆ ಇನ್ನು ಔಷಧಿಯಿಲ್ಲ, ಅವರಿಗೆ ಬೇಕಾದ ಕಡೆ ಇಟ್ಟುಕೊಂಡು ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ತಿಂಗಳೂ ಆಗಿಲ್ಲ. ಈ ಮನೆಯಲ್ಲಿ ಈಗ ಸಿಹಿ ಯಾಕೆ?

“ಏನ್ ಭಾವ, ವಿಶೇಷ?”

“ಎಲ್ಲಾ ನಿನ್ನಿಂದಾನೇ ಕಣಮ್ಮ! ಟ್ರಾನ್ಸ್‌ಫರ್ ಅರ್ಜಿ ವಾಪಸ್ ತಗೊಂಡೆ. ಮಗಳು ಶ್ರಾವಣಿದು ಇಂಟರ್ ಪರೀಕ್ಷೆ ಮುಗೀಲಿ, ಏಪ್ರಿಲ್‌ನಾಗೆ ಎಲ್ಲರೂ ಒಟ್ಟಿಗೆ ದಾವಣಗೆರೆಗೆ ಹೋಗಣ ಅಂತ. ನಿಮ್ಮಕ್ಕನೂ ಹೂಂ ಅಂದ್ಲು.”

ತಮ್ಮೂರು ದಾವಣಗೆರೆಗೆ ಹೋಗುವುದು ಕಮಲಾಳ ಒಂದೇ ಆಸೆ. ಹನ್ನೊಂದು ವರ್ಷ ತೆಲುಗಿನವರ ನಡುವೆ ನಗುನಗುತ್ತಲೇ ಬಾಳಿದವಳು, ಕಡೆಗಾಲಕ್ಕೆ ಮಾತ್ರ ಕಿವಿಗೆ ಕನ್ನಡವೇ ಬೀಳಬೇಕು ಎಂದು ಹಟ ಹಿಡಿದಿದ್ದಳು.

ಅಶೋಕ ಫೋನು ಮುಂದೆ ಹಿಡಿದ. ಅಕ್ಕನ ಐದು ತಿಂಗಳ ರಕ್ತಪರೀಕ್ಷೆಯ ಅಂಕಿಗಳಿಂದ ಮಾನಸಳೇ ಬರೆದು ಕಳಿಸಿದ ಗ್ರಾಫು. ಅವಳು ಮೊದಲು ಕಳಿಸಿದ್ದರಲ್ಲಿ ಗೆರೆ ಬಾಗಿ ಬಾಗಿ ಆಕಾಶಕ್ಕೆ ಏರಿತ್ತು. ಇದರಲ್ಲಿ ನೇರವಾಗಿ, ಸಾಧುವಾಗಿ ಹೊರಟಿತ್ತು. ಕೆಳಗೆ ಅವಳದೇ ಮಾತು: ‘ಈಗ ಸೀದಾ ಆಯ್ತು ಭಾವ.’

ಮಾನಸಳಿಗೆ ತನ್ನ ತಪ್ಪು ಗೊತ್ತಾಯಿತು. ಔಷಧ ಕಂಪನಿಯಲ್ಲಿ ಅಂಕಿಅಂಶದ ಕೆಲಸ ಅವಳದು. ಬಾಗಿದ ಗೆರೆ ಕಂಡರೆ ಲಾಗ್ ಅಳತೆಗೆ ಹಾಕಿ ನೇರ ಮಾಡುವುದು ಕೈಗೆ ಹತ್ತಿಬಿಟ್ಟ ಚಾಳಿ. ಆಫೀಸಿನಲ್ಲಿ ಸೀದಾ ಆಯ್ತು ಅಂದರೆ ಲೆಕ್ಕ ಕೂತಿತು ಅಂತ. ಮನೆಯಲ್ಲಿ ಅಂದರೆ ಸರಿಹೋಯಿತು ಅಂತ. ಅಯ್ಯೋ, ಹಾಳು ಬುದ್ಧಿಗೆ ಅಷ್ಟೂ ಹೊಳೆಯಲಿಲ್ಲವೇ!

“ಭಾವ, ಪಕ್ಕದಾಗಿನ ಅಂಕಿ ನೋಡ್ರಿ. ಹತ್ತು, ನೂರು, ಸಾವಿರ. ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಅದಕ್ಕೇ ಗೆರೆ ನೇರ ಕಾಣ್ತೈತೆ. ಕಾಯಿಲೆ...”

“ಕಾಯಿಲೆ?”

“ತಿಂಗಳಿಗೆ ಎರಡರಷ್ಟು ಆಗ್ತಾನೇ ಐತೆ. ಒಂಚೂರೂ ಕಮ್ಮಿ ಆಗಿಲ್ಲ.”

ಅಶೋಕ ಫೋನನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. “ಏಪ್ರಿಲ್ ತನಕ?” ಎಂದ ಮೆಲ್ಲಗೆ. ಮಾನಸ ಇಲ್ಲವೆಂದು ತಲೆಯಾಡಿಸಿ ಅಳತೊಡಗಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಕೋಣೆಯಿಂದ ಕಮಲಾಳ ದನಿ ಬಂತು. “ಏನ್ರೀ, ಏಪ್ರಿಲ್ ಎಷ್ಟಕ್ಕೆ ಟಿಕೆಟ್ ಮಾಡಿಸ್ತೀರಾ? ಮಾನಸಂದೂ ಸೇರಿಸ್ರಿ.”

ಅಶೋಕ ಕೋಣೆಯ ಕಡೆಗೆ ತಿರುಗಿದ. “ನಾಳೆಗೇ ಮಾಡಿಸ್ತೀನಿ ಕಮಲಾ. ರಜಾ ಹಾಕ್ತೀನಿ. ಮೊದಲು ನಾವಿಬ್ಬರೇ ಹೋಗಿರಣ. ಶ್ರಾವಣಿ ಪರೀಕ್ಷೆ ಮುಗಿಯೋ ತನಕ ಹಾಸ್ಟೆಲಿನಾಗೆ ಇರ್ಲಿ.”

ಯಾಕೆ ಎಂದು ಕಮಲಾ ಕೇಳಲಿಲ್ಲ.

“ಹಂಗಾದ್ರೆ ಅವಳು ಟ್ಯೂಷನ್ನಿಂದ ಬಂದ ಕೂಡ್ಲೇ ನನ್ನ ಹತ್ರ ಕಳಿಸ್ರಿ,” ಎಂದಳು. “ತನ್ನ ಜಡೆ ತಾನೇ ಹೆಣಕೊಳ್ಳೋದು ಅವಳಿಗೆ ಇನ್ನೂ ಬರಲ್ಲ.”